ಅಳಿಯನ ಹೊಸ ಲೈಟು, ನನ್ನ ಅಂಜಿಕಿ

ಅಂಜೋ ಮಂದಿ ಮನಿ ನೋಡೇ ಅಂಜಿಸೋ ಸಾಮಾನು ಬರ್ತಾವೋ ಏನೋ, ಒಂದು ಹೋತು ಅನ್ನೂದ್ರಾಗ ನಮ್ಮನಿಗೆ ಇನ್ನೊಂದು ಬಂದಿರತೈತಿ.

ಅಂಕಲಿ ಊರಾಗ ನನ್ನ ಮಗಳ ಗಂಡ ನಾಟಕಕ್ಕ, ಲಗ್ನಕ್ಕ ಲೈಟ್ ಹಚ್ಚೋ ಧಂದೆ ಮಾಡತಾರ. ನಮ್ಮಣ್ಣನ ಮಗನ, ಎತ್ತಿ ಆಡಿಸಿದಾಕಿ ನಾನು. ಅಳಿಯ ಆದ ಮ್ಯಾಲ ಮಾತ್ರ 'ರೀ' ಹಚ್ಚಲಾರದ ಮಾತಾಡಾಕ ಬರಂಗಿಲ್ಲ. ಕೈ ಬಟ್ಟಿಲೆ ತಿಕ್ಕೋ ಟಚ್ ಫೋನು ಊರಾಗ ಹೊಸದಾಗಿ ಬಂದ ಕಾಲಕ್ಕ, ಅವ್ರು ಬೆಳಕು ಹೆಚ್ಚುಕಡಿಮಿ ಮಾಡೋ ಹಳೇ ಡಿಮ್ಮರ್ ಪೆಟ್ಟಿಗಿ ಎಲ್ಲಾ ಮಾರಿ, ಮಿರಜಿನಿಂದ ಕಂಪ್ಯೂಟರ್ ವೈರಿನ ಮ್ಯಾಲ ನಡಿಯೋ ನಾಕು ಲೈಟು ತಂದ್ರು. ಅಥಣಿ ಕಡೆ ಒಂದು ಕಾಲೇಜಿನ ವಾರ್ಷಿಕೋತ್ಸವ, ಗ್ಯಾದರಿಂಗ್ ಅಂತಾರಲ್ಲ, ಅದರ ಲೈಟಿನ ಕೆಲಸ ಹಿಡದಿದ್ರು. ಇದೊಂದು ಕೆಟ್ಟರ ಧಂದೆ ಮುಚ್ಚಿ ಸಕ್ಕರಿ ಫ್ಯಾಕ್ಟರಿ ಗೇಟಿಗೆ ವಾಚ್‌ಮನ್ ಆಗ್ತೇನಿ ಅಂತ ಮಗಳ ಮುಂದ ಅಂದಿದ್ರಂತ. ಆಕಿ ಬಂದು ನನ್ನ ಮುಂದ ಅತ್ತಳು. ಅವತ್ತಿನಿಂದ ನನಗ ತುತ್ತು ಇಳೀಲಿಲ್ಲ.

ಒಂದ ನಂಬರ್, ಎರಡು ಲೈಟು

ಅವ್ರ ಮನಿ ಇಕ್ಕಟ್ಟು. ಅದಕ್ಕ ನಮ್ಮ ಪಡಸಾಲ್ಯಾಗ ನಾಕೂ ಲೈಟು ಸಾಲಾಗಿ ಕುಂದ್ರಿಸಿದ್ರು. ಕುತ್ತಿಗಿ ಇದ್ದ ಲೈಟು. ತಾವ ಅತ್ತಿತ್ತ ಹೊಳ್ಳಿ ತಿರಗತಾವ, ತಾವ ಬಗ್ಗತಾವ. ಅಳಿಯನ ಮುಂದಿನ, ಲೈಟು ಆಡಿಸೋ ಬೋರ್ಡಿನಿಂದ ಒಂದು ವೈರು ಸಣ್ಣ ಡಬ್ಬಿಗೆ, ಆ ಡಬ್ಬಿಯಿಂದ ಒಂದೊಂದು ವೈರು ಒಂದೊಂದು ಲೈಟಿಗೆ. ಡಬ್ಬಿಗೆ ಸ್ವಿಚ್ ಅಂತಾರಂತ. ಒತ್ತಾಕೇನೂ ಇಲ್ಲ, ಬರೇ ತೂತು.

ನಾ ಅಂಜಿ ಬಾಗಲಾ ದಾಟಲಾರದ್ದು ನೋಡಿ ಅಳಿಯ ತಿಳಿಸಿ ಹೇಳಿದ್ರು: ಪ್ರತಿ ಲೈಟಿಗೂ ಒಂದು ನಂಬರ್ ಐತಿ, ಬೋರ್ಡು ಆ ನಂಬರ್ ಹಿಡದು ಕರೀತೈತಿ, ಯಾರ ನಂಬರೋ ಅದಷ್ಟ ಹೊಳ್ಳತೈತಿ, ರೇಷನ್ ಅಂಗಡ್ಯಾಗ ಕರದಂಗ. "ನೋಡ್ರಿ ಅತ್ತಿ, ಈಗ ಒಂದನೇದಷ್ಟ ಹೊಳ್ಳತೈತಿ" ಅಂದು ಬೋರ್ಡಿನ ಮ್ಯಾಲ ಬಟ್ಟು ಆಡಿಸಿದ್ರು. ಒಂದನೇದೂ ಹೊಳ್ಳಿತು, ಮೂರನೇದೂ ಹೊಳ್ಳಿತು, ಎರಡೂ ಬಂದು ನನ್ನ ಮಾರಿ ಮ್ಯಾಲ ನಿಂತ್ವು. ನಾ ಕೈಯಾಗಿನ ಜ್ವಾಳ ಕೇರೋ ಮರ ಚೆಲ್ಲಿ, ಕೈ ಮುಗದು, ಏನು ತಪ್ಪಾಗೇತಿ ಹೇಳ್ರೆವ್ವ ಅಂತ ಲೈಟಿಗೇ ಕೇಳಿದೆ. ಅಳಿಯ ತಲಿ ತುರಿಸ್ಕೊಂಡು, ಮರತು ಎರಡಕ್ಕೂ ಒಂದ ನಂಬರ್ ಕೊಟ್ಟೇನಿ ಅಂದ್ರು.

ಅಷ್ಟಕ್ಕ ಯಾಕ ಬ್ಯಾಸರ ಮಾಡ್ಕೋತೀರಿ ಅಂದೆ. ನನ್ನ ಇಬ್ರು ಸೊಸ್ತ್ಯಾರದೂ ಒಂದ ಹೆಸರು. ಕರದ್ರ ಇಬ್ರೂ ಓ ಅಂತಾರ, ಹೊಳ್ಳಿ ಮಾತ್ರ ಒಬ್ರೂ ನೋಡಂಗಿಲ್ಲ.

ಖಂಡೆ ಪೂಜಿ

ದಸರಿ ಹಬ್ಬಕ್ಕ ಕುಡಗೋಲು, ಕೊಡಲಿ ತೊಳದು ಪೂಜಿ ಮಾಡೂ ದಿನ ಅಳಿಯನ ಸಾಮಾನು ಬಿಡಾಕಾಗತೈತೇನು? ಕೊಕಟನೂರ ಎಲ್ಲವ್ವನ ಭಂಡಾರದ ಅರಿಷಿಣ ಒಂದು ಪೊಟ್ಟಣ ತುಂಬ ಇಟ್ಟಿದ್ದೆ. ಬೋರ್ಡಿಗೆ ಹಚ್ಚಿದೆ, ಲೈಟಿಗೆ ಹಚ್ಚಿದೆ. ಡಬ್ಬಿ ಕಡೆ ಬಂದಾಗ ವಿಚಾರ ಬಂತು: ಮಾತೆಲ್ಲಾ ಹಾಯೂದು ಈ ತೂತಿನ್ಯಾಗ ಅಂದ್ರ, ದೃಷ್ಟಿ ಹಾಯೂದೂ ಇಲ್ಲೆ. ಒಂದೊಂದು ತೂತಿಗೂ ಒಂದೊಂದು ಚಿಮಟಿ ಹಾಕಿ, ಬಟ್ಟಿಲೆ ಒತ್ತಿ ಗಟ್ಟಿ ಮಾಡಿದೆ.

ಮರುದಿನ ವೈರು ಹಚ್ಚಿದ ಮ್ಯಾಲ ಒಂದು ಲೈಟೂ ಮಾತು ಕೇಳವಲ್ದು. ಅಳಿಯ ನಂಬರ್ ಬದಲಿ ಮಾಡಿದ್ರು, ಬೋರ್ಡು ಬಂದ್ ಮಾಡಿ ಚಾಲು ಮಾಡಿದ್ರು, ಮಿರಜಿಗೆ ಫೋನ್ ಹಚ್ಚಿದ್ರು. ಕಡೀಕ ಒಂದು ವೈರು ಕಿತ್ತಿ ನೋಡಿದ್ರ ಅದರ ಮೂತಿ ಹಳದಿ. ಅತ್ತಿ ಅಂದ ಮ್ಯಾಲ ಬೈಯಾಕ ಬರಂಗಿಲ್ಲಲ್ಲ. ಹಲ್ಲು ತಿಕ್ಕೋ ಬ್ರಶ್ ಹಿಡಕೊಂಡು ಕುಂತು ಮೆತ್ತಗ ಕೇಳಿದ್ರು: "ಎಲ್ಲಾ ತೂತಿಗೂ ಹಾಕೀರೇನ್ರಿ ಅತ್ತಿ?"

ಖುಷಿ ಆಗ್ಯಾರ ಅಂತ ತಿಳದೆ. "ಒಂದೂ ಬಿಟ್ಟಿಲ್ರಿ. ಕರೆಂಟಿನ ತೂತಿಗೆ ಬಟ್ಟು ಹೋಗಲಿಲ್ಲ, ಅದಕ್ಕ ಊದಿನಕಡ್ಡಿಲೆ ತುಂಬೇನಿ."

ಅವತ್ತ ಮೊದಲನೇ ಸಲ ಅಳಿಯ ನನಗಿಂತ ಜಾಸ್ತಿ ಅಂಜಿದ್ರು.

ಗ್ಯಾದರಿಂಗ್

ಆ ದಿನ ಬಂತು. ಮಗಳಿಗೆ ಎದಿ ಗಟ್ಟಿ ಇಲ್ಲ, ಅವ್ವ ನೀನರ ಅವ್ರ ಕೂಡ ಹೋಗು ಅಂದಳು. ಅಳಿಯ ನನ್ನ ಸ್ಟೇಜಿನ ಹಿಂದ ಒಂದು ಖುರ್ಚಿ ಮ್ಯಾಲ ಕುಂದ್ರಿಸಿ, ತಾವು ಬೋರ್ಡು ಹಿಡಕೊಂಡು ಮಂದಿ ಹಿಂದ ಹೋಗಿ ಕುಂತ್ರು. ನನ್ನ ಕಾಲ ಹತ್ರನ ಆ ತೂತಿನ ಡಬ್ಬಿ.

ಭಾಷಣ ಮುಗದ್ವು. ಹುಡಿಗ್ಯಾರ ಡಾನ್ಸಿಗೆ ಹಾಡು ಹಚ್ಚಿದ್ರು. ಲೈಟು ಕುತ್ತಿಗಿ ಹೊಳ್ಳಿಸಿ ಮಂದಿ ಮ್ಯಾಲ ಹಾಯಾಕತ್ತಿದ್ವು. ಎಲ್ಲಾ ಛಲೋ ನಡದಿತ್ತು. ಅಷ್ಟರಾಗ ನಾ ಡಬ್ಬಿ ನೋಡಿದೆ. ಒಂದು ವೈರಿನ ಒಂದು ತುದಿ ತೂತಿನ್ಯಾಗ ಐತಿ, ಇನ್ನೊಂದು ತುದಿ ಹಂಗ ನೆಲಕ್ಕ ಬಿದ್ದೈತಿ. ಸ್ಟೇಜಿಗೆ ಹೋಗಿ ಬರೋ ಡಾನ್ಸಿನ ಹುಡಿಗ್ಯಾರು ಬರಿಗಾಲಿಲೆ ಅದನ್ನ ದಾಟ್ಯಾಡಾಕತ್ತಾರ. ತುಳದು ಕರೆಂಟ್ ಹೊಡದ್ರ ಯಾರ ಮಕ್ಕಳೋ ಏನೋ, ಅಳಿಯನ ಗತಿ ಏನು ಅಂತ ಖುರ್ಚಿ ಬಿಟ್ಟು ಎದ್ದೆ. ಹೆಂಗಾರ ಕೌದಿ ಹೊಲಿಯೋ ಕೈ ನಂದು. ಬಿಟ್ಟ ತುದಿ ಕಂಡ್ರ ಒಳಗ ಸೇರಿಸೂತನಾ ಸುಮ್ಮ ಇರಂಗಿಲ್ಲ. ಅದ ಡಬ್ಬಿಯೊಳಗ ಒಂದು ತೂತು ಖಾಲಿ ಇತ್ತು. ತುದಿ ತಗೊಂಡು ಅದರಾಗ ಇಟ್ಟು ಒತ್ತಿದೆ. ಟಕ್ ಅಂತ ಕುಂತಿತು. ಪಾಡಾತು, ಇನ್ನ ಯಾರೂ ತುಳಿಯಂಗಿಲ್ಲ ಅಂದೆ.

ನಾಕೂ ಲೈಟು ಇದ್ದಲ್ಲೇ ನಿಂತ್ವು. ಸ್ಟೇಜ್ ಕತ್ತಲ. ಹುಡಿಗ್ಯಾರು ಕತ್ತಲದಾಗ ಕುಣಿಯಾಕತ್ತಾರ. ಬೆಳಕೆಲ್ಲಾ ಬಂದು ಮುಂದಿನ ಸಾಲಿನ್ಯಾಗ ಸಂಸ್ಥಾದ ಚೇರ್ಮನ್ನರ ಮಾರಿ ಮ್ಯಾಲ ಬಿದ್ದೈತಿ. ಚೇರ್ಮನ್ನರು ಬಾಯಿ ತಗದು ಮಲಗ್ಯಾರ.

ಹುಡುಗೂರು ಶಿಳ್ಳಿ ಹೊಡದ್ರು. ಅಳಿಯ ಓಡಿ ಬಂದ್ರು. "ಅತ್ತಿ, ಇಲ್ಲಿ ಯಾರರ ಬಂದಿದ್ರೇನ್ರಿ?"

ಸಕ್ಕರಿ ಫ್ಯಾಕ್ಟರಿ ಗೇಟಿನ ಮುಂದ ಕೋಲು ಹಿಡದು ನಿಂತ ಅಳಿಯನ್ನ ಕಣ್ಣಾರೆ ಕಂಡಂಗಾತು ನನಗ. "ಯಾರೂ ಬಂದಿಲ್ರಿ" ಅಂದೆ. ಆಮ್ಯಾಲ ಸುಳ್ಳು ಹೊಟ್ಟ್ಯಾಗ ನಿಲ್ಲವಲ್ದು. "ನಾ ಮೊದಲಿಂದ ಇಲ್ಲೇ ಇದ್ದೆ" ಅಂದು ವೈರು ತೋರಿಸಿದೆ. ಅದು ಆಪತ್ತಿಗಿರಲಿ ಅಂತ ಇಟ್ಟ ವೈರಂತ. ಎರಡೂ ತುದಿ ಒಂದ ಡಬ್ಬಿಗೆ ಸೇರಿದ್ರ ಡಬ್ಬಿ ತನ್ನ ಮಾತು ತಾನ ಕೇಳಕೋತ, ತಾನ ಒದರಕೋತ ಕುಂದರತೈತಂತ. ಬೋರ್ಡು ಕರದದ್ದು ಯಾವ ಲೈಟಿಗೂ ಮುಟ್ಟಂಗಿಲ್ಲಂತ. ಅಳಿಯ ಕಿತ್ತಿದ್ರು. ಲೈಟು ಹೊಳ್ಳಿದ್ವು.

ಎಲ್ಲಾ ಮುಗದ ಮ್ಯಾಲ ಪ್ರಿನ್ಸಿಪಾಲರು ಸ್ಟೇಜಿನ ಹಿಂದ ಬಂದ್ರು. ಅಳಿಯ ಕೈ ಕಟಗೊಂಡು ನಿಂತ್ರು. ನಾ ಎಲ್ಲವ್ವನ ನೆನಸ್ಕೊಂಡು ಕಣ್ಣು ಮುಚ್ಚಿದೆ.

ಪ್ರಿನ್ಸಿಪಾಲರು ಆಚೀಚೆ ನೋಡಿ ದನಿ ಸಣ್ಣದು ಮಾಡಿದ್ರು. "ನಮ್ಮ ಚೇರ್ಮನ್ನರು ಪ್ರತಿ ವರ್ಷ ಮಲಗತಾರ್ರಿ. ಎಬ್ಬಸೋ ಧೈರ್ಯ ನಮಗ್ಯಾರಿಗೂ ಇಲ್ಲ. ಇವತ್ತ ಲೈಟು ಬಿದ್ದು ಎಚ್ಚರಾಗಿ, ಕಡೀತನಾ ಕಣ್ಣು ಪಿಳಕಿಸಲಾರದ ಕುಂತಿದ್ರು. ಬರೂ ವರ್ಷನೂ ನೀವ ಬರ್ರಿ. ಅವ್ರ ಮಾರಿ ಮ್ಯಾಲಿನ ಆ ಲೈಟ್ ಮಾತ್ರ ಹಂಗ ಹಾಕಬೇಕು ನೋಡ್ರಿ."

ಅಳಿಯ ಹೊಳ್ಳಿ ನನ್ನ ನೋಡಿ, "ಬರ್ತೇವ್ರಿ ಸರ್" ಅಂದ್ರು. "ಆ ಲೈಟಿಂದು ಆಪರೇಟರ್ ಬ್ಯಾರೆ ಅದಾರ್ರಿ. ಅವ್ರನ್ನೂ ಕರಕೊಂಡ ಬರ್ತೇನಿ."

ನಾ ಸೆರಗು ಮುಂದ ಎಳಕೊಂಡು, ಎರಡೂ ಕೈ ಬಗಲಾಗ ಗಟ್ಟಿ ಹಿಡಕೊಂಡು ಕುಂತಿದ್ದೆ.