ತಲೆಯಿರುವ ಗಾಡಿ, ಸುಮ್ಮನಿರದ ಕೈ

“ನೋಡೇ, ಈ ಗಾಡಿಗೆ ತಲೆ ಇದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತೆ, ಆದ್ರೆ ಎಲ್ಲಕ್ಕೂ ಒಂದೇ ಸಮ ಅಲ್ಲ. ಮುಂದಿನ ಚಕ್ರ ಕೆಸರಲ್ಲಿ ಸುಮ್ನೆ ಗಿರ್ರಂತ ತಿರುಗಿತು ಅನ್ನು, ಥಟ್ಟಂತ ಆ ಶಕ್ತೀನ ಹಿಂದಿನ ಚಕ್ರಕ್ಕೆ ದಾಟಿಸುತ್ತೆ. ಅಷ್ಟಾದ್ರೂ ಗಾಡಿ ಓರೆಯಾಗಿ ಜಾರಿದ್ರೆ ಇನ್ನೊಬ್ಬ ಇದಾನೆ, ಸ್ಟೆಬಿಲಿಟಿ ಕಂಟ್ರೋಲ್ ಅಂತ. ಯಾವ ಚಕ್ರ ಹಿಡೀಬೇಕೋ ಅದೊಂದಕ್ಕೇ ಬ್ರೇಕ್ ಹಾಕಿ, ಎಂಜಿನ್ ಜೋರನ್ನೂ ಇಳಿಸಿ, ಸ್ಟೀರಿಂಗ್ ಎತ್ತ ಕೇಳುತ್ತೋ ಅತ್ತಲೇ ಗಾಡೀನ ತರೋಕೆ ನೋಡ್ತಾನೆ. ಇಬ್ಬರೂ ಮಾತಾಡಿಕೊಂಡೇ ಕೆಲಸ ಮಾಡೋದು. ಅದಕ್ಕೇ ಹೇಳಿದ್ದು, ಇದು ನಿನ್ನ ಕೈಗೆ ಕೊಡೋ ಗಾಡಿ ಅಲ್ಲ!”

“ಎಲ್ಲಾ ಅದೇ ಮಾಡೋದಾದ್ರೆ ನನ್ನ ಕೈಗೆ ಕೊಡೋಕೇನ್ರೀ ಕಷ್ಟ?”

ಡ್ರೈವಿಂಗ್ ಶಾಲೆಯ ಮೇಷ್ಟ್ರು ಕೀಲಿಕೈಯನ್ನು ಜೇಬಿಗಿಳಿಸಿದರು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ ಮಹಾನುಭಾವರು ಅವರು. (ಉಳಿದರ್ಧ ಜನ ಆ ಶಿಷ್ಯರನ್ನು ಕಂಡು ಪಕ್ಕಕ್ಕೆ ಹಾರುವುದನ್ನು ಕಲಿತಿದ್ದರು.) ಹೆಂಡತಿಗೂ ಲೈಸೆನ್ಸ್ ಕೊಡಿಸಿದ್ದರು; ಕೀಲಿಕೈ ಮಾತ್ರ ಕೊಟ್ಟಿರಲಿಲ್ಲ. ಈಗ ಗುಡ್ಡದ ಮೇಲಿನ ಹಾಸ್ಟೆಲ್ಲಿನಲ್ಲಿ ಆಕೆಗೆ ಅಡುಗೆಮನೆ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅಲ್ಲಿಗೆ ಬಸ್ಸಿಲ್ಲ. ಬರುತ್ತೇನೋ ಇಲ್ಲವೋ ಎಂದು ಇವತ್ತೇ ಹೇಳದಿದ್ದರೆ ಕೆಲಸ ಬೇರೆಯವರ ಪಾಲು. ಮೇಷ್ಟ್ರದೇನೂ ಕೆಟ್ಟ ಮನಸ್ಸಲ್ಲ. ಆ ಗುಡ್ಡದ ಕೆಸರನ್ನು, ಅದರ ಮೇಲೆ ಇವಳೊಬ್ಬಳನ್ನೇ ನೆನೆದರೆ ಕೀಲಿಕೈ ಕೊಡಲು ಕೈ ಬರುತ್ತಿರಲಿಲ್ಲ.

ಕೊನೆಗೆ ರಾಜಿಯಾಯಿತು. ಆಕೆ ಗುಡ್ಡ ಹತ್ತಿಸಬೇಕು. ಮೇಷ್ಟ್ರು ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಬೇಕು. ಹತ್ತಿತೋ, ಕೀಲಿಕೈ ಆಕೆಯದು.

ರಾತ್ರಿ ಮಳೆ ಸುರಿದು ಬೆಳಿಗ್ಗೆ ಬಿಸಿಲು ಬಂದಿತ್ತು. ದಾರಿ ಮಾತ್ರ ಬೆಣ್ಣೆ. ಮುಂದಿನ ಚಕ್ರ ಒಮ್ಮೆ ಗುರ್ರೆಂದಿತು, ಹಿಂದಿನದು ನೂಕಿತು, ಗಾಡಿ ಹತ್ತಿತು. ತಿರುವಿನಲ್ಲಿ ಹಿಂಭಾಗ ಕೊಂಚ ಓಲಾಡಿತು.

“ದೀಪ! ಡ್ಯಾಶ್‌ಬೋರ್ಡಲ್ಲಿ ದೀಪ ಮಿಣುಕ್ತಿದೆ ಕಣೇ!”

“ನಿಮ್ಮ ಸ್ಟೆಬಿಲಿಟಿ ಕಂಟ್ರೋಲು ಅದರ ಕೆಲಸ ಮಾಡ್ತಿದೆ. ನೀವು ನಿಮ್ಮದು ಮಾಡ್ರೀ. ಸುಮ್ನಿರಿ!”

ಸುಮ್ಮನಿರುವುದೊಂದನ್ನು ಮೇಷ್ಟ್ರು ಕಲಿತೇ ಇರಲಿಲ್ಲ. ಶಾಲೆಯ ಗಾಡಿಯಲ್ಲಿ ಅವರ ಕಾಲಡಿಗೂ ಒಂದು ಬ್ರೇಕಿತ್ತು. ಇಲ್ಲಿ ತುಳಿದರೆ ಬರೀ ಮ್ಯಾಟು! ಕಾಲು ಕೈಕೊಟ್ಟದ್ದೇ ತಡ, ಕೈ ಹಾರಿ ಸ್ಟೀರಿಂಗನ್ನು ತಮ್ಮತ್ತ ಎಳೆಯಿತು.

ಗಾಡಿ ವಿಧೇಯ ಶಿಷ್ಯನಂತೆ, ಒಂದಿಂಚೂ ಜಾರದೆ, ಬಲು ಗಾಂಭೀರ್ಯದಿಂದ ರಸ್ತೆಬದಿಯ ನರ್ಸಮ್ಮನವರ ಅಂಗಳ ಪ್ರವೇಶಿಸಿ, ಒಣಹಾಕಿದ್ದ ಬಟ್ಟೆಯನ್ನೆಲ್ಲ ಹಗ್ಗದ ಸಮೇತ ಹೊದ್ದುಕೊಂಡು ನಿಂತಿತು.

“ಹೀಗ್ಯಾಕೆ ಜಾರಿತು?” ಎಂದರು ಮೇಷ್ಟ್ರು, ಗಾಜಿನ ಮೇಲಿನ ಬೆಡ್‌ಶೀಟನ್ನೇ ನೋಡುತ್ತ.

“ಎಲ್ಲಿ ಜಾರಿತು? ನೀವು ಕರೆದ ಕಡೆಗೇ ಬಂತಲ್ಲ! ಇಳೀರಿ ಈಗ. ಮಿಕ್ಕಿದ್ದು ನಾನೊಬ್ಬಳೇ ಹತ್ತಿಸ್ತೀನಿ.”

ಮೇಷ್ಟ್ರು ಇಳಿದು ಕೆಸರಾದ ಬಟ್ಟೆ ಸರಿಸಿದರು. ಗಾಡಿ ಹಿಂದಕ್ಕೆ ಬಂತು, ತಿರುಗಿತು, ಹತ್ತಿತು. ಪ್ರತಿ ತಿರುವಿಗೂ ಅವರ ಬಲಗಾಲು ನೆಲ ಒತ್ತುತ್ತಿತ್ತು. ಕೊನೆಗೆ ಮೇಲಿನಿಂದ ಹಾರನ್ ಕೇಳಿಸಿದಾಗ ಒತ್ತಿದ್ದ ಕಾಲನ್ನು ಸಡಿಲಿಸಿದರು.

“ಕೀಲಿಕೈ ಅವಳ ಹತ್ರನೇ ಇರಲಿ,” ಎಂದರು, ಯಾರೂ ಕೇಳದಿದ್ದರೂ.

“ಇರಲಿ ಬಿಡಿ,” ಎಂದು ಮನೆಯೊಳಗಿಂದ ಬಂದ ನರ್ಸಮ್ಮ ಬಕೆಟ್ಟು, ಸೋಪು ತಂದಿಟ್ಟರು. “ಕೂತ್ಕೊಳ್ಳಿ ಮೇಷ್ಟ್ರೇ. ಮೊದಲು ಮಣ್ಣು ಜಾಲಿಸಿ, ಆಮೇಲೆ ಸೋಪು. ಗಾಬರಿ ಬೇಡ, ನಾನು ಪಕ್ಕದಲ್ಲೇ ಇರ್ತೀನಿ.”

ಮೇಷ್ಟ್ರು ಅಂಗಿಯ ತೋಳು ಮಡಚಿ, ಮೊದಲ ಬೆಡ್‌ಶೀಟನ್ನು ನೀರಿಗದ್ದಿದರು.