ಚಿಕ್ಕಪ್ಪನ ಸೀಸ, ಚಿಕ್ಕಮ್ಮನ ಗುರಿ

ನಮ್ಮ ಚಿಕ್ಕಪ್ಪನ ಎದುರು ಒಂದು ಆನೆಯನ್ನು ತಂದು ಕಟ್ಟಿ, ಅವರ ಕೈಗೆ ಏರ್‌ಗನ್ ಕೊಡಿ. ಆನೆಗೆ ಏನೂ ಆಗುವುದಿಲ್ಲ! ಪಕ್ಕದಲ್ಲಿ ನಿಂತ ನೀವು ಮಾತ್ರ ಹುಷಾರಾಗಿರಬೇಕು. ಇಂಥ ಮನುಷ್ಯ ತೂಬಗೆರೆಯ ಮನೆಯ ಹಿತ್ತಲಲ್ಲಿ ಕೂತು, ಕೂದಲೆಳೆಯಷ್ಟೂ ಗುರಿ ತಪ್ಪದ ಗುಂಡು ತಯಾರಿಸುತ್ತಾರೆ ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಗುಂಡು ಅವರದು, ಗುರಿ ಚಿಕ್ಕಮ್ಮನದು. ದ್ರಾಕ್ಷಿ ಚಪ್ಪರಕ್ಕೆ ಗಿಣಿಗಳ ಕಾಟವೆಂದು ಮನೆಗೆ ಏರ್‌ಗನ್ ಬಂದದ್ದು. ಆದರೆ ಹಕ್ಕಿಗೆ ಹೊಡೆಯಲು ಚಿಕ್ಕಮ್ಮನಿಗೆ ಮನಸ್ಸಾಗಲಿಲ್ಲ. ಚಪ್ಪರದ ಆ ತುದಿಗೆ ಕಾಫಿಪುಡಿ ಡಬ್ಬಿಯ ಮುಚ್ಚಳ ಕಟ್ಟಿಸಿ, ಈ ತುದಿಯಲ್ಲಿ ಕೂತು ಅದಕ್ಕೆ ಹೊಡೆಯುತ್ತಿದ್ದರು. 'ಟಣ್' ಎಂದರೆ ಸಾಕು, ಗಿಣಿಗಳ ಹಿಂಡು ಪಕ್ಕದವರ ತೋಟಕ್ಕೆ! ಪಕ್ಕದವರು ನಮ್ಮ ಮನೆಯವರೊಂದಿಗೆ ಮಾತು ಬಿಟ್ಟದ್ದೂ ಆಗಲೇ.

ಅಂಗಡಿಯಲ್ಲಿ ಸಿಗುವ ಗುಂಡು ಬುಡುಬುಡಿಕೆಯಂತೆ, ನಡು ಸಣ್ಣ. "ಗಾಳಿ ಬೀಸಿದ್ರೆ ಇದು ದಾರಿ ತಪ್ಪುತ್ತೆ ಕಣಪ್ಪಾ. ಮೈತುಂಬ ಸೀಸ ಇರೋ ಸ್ಲಗ್ಗೇ ಆಗ್ಬೇಕು" ಎಂದು ಚಿಕ್ಕಪ್ಪ ಹಠ ಹಿಡಿದರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬಿಡಿಭಾಗ ಮಾಡುವ ಲೇತ್ ಅಂಗಡಿಯವನ ಪ್ರಾಣ ತಿಂದು ಅಚ್ಚು ಮಾಡಿಸಿದರು. ಸೀಸ ಕರಗಿಸಲು ಚಿಕ್ಕಮ್ಮನ ಒಗ್ಗರಣೆ ಸೌಟನ್ನೇ ಎತ್ತಿಕೊಂಡು ಹೋದರು.

"ಆ ಸೌಟು ಇನ್ನು ಅಡುಗೆಮನೆ ಹೊಸಿಲು ದಾಟಿದ್ರೆ, ನೀವು ದಾಟಂಗಿಲ್ಲ!" ಎಂದರು ಚಿಕ್ಕಮ್ಮ. ಹೊಸ ಸೌಟು ಬರುವವರೆಗೂ ನಾವೆಲ್ಲ ಒಗ್ಗರಣೆಯಿಲ್ಲದ ಸಾರು ಉಂಡೆವು.

ನನ್ನ ಮದುವೆಯ ಒಡವೆ ಕೊಳ್ಳಲು ಹತ್ತಿರದ ವಿಜಯಪುರಕ್ಕೆ ಹೋಗಿದ್ದೆವು. ಬೀಗರೆಲ್ಲ ಸುತ್ತ ಕೂತಿದ್ದಾರೆ, ತಾಳಿ ಇನ್ನೂ ತಕ್ಕಡಿಯ ಮೇಲಿದೆ. ಚಿಕ್ಕಪ್ಪ ಜೇಬಿನಿಂದ ಒಂದು ಹಿಡಿ ಸೀಸದ ಗುಂಡು ತೆಗೆದು, "ಇವನ್ನೂ ಒಂದೊಂದಾಗಿ ತೂಗ್ಬಿಡಿ ಸ್ವಾಮಿ, ಒಂದೇ ಸಮ ಇರ್ಬೇಕು" ಅನ್ನಬೇಕೇ! ಅಂಗಡಿಯವರು ನನ್ನ ಮುಖ ನೋಡಿ, "ಮದುವೆ ಹುಡುಗಿಗಾ?" ಎಂದರು. ನನ್ನ ಹೆಂಡತಿ ಇಂದಿಗೂ ಅದನ್ನು ಮರೆತಿಲ್ಲ.

ಹೋದ ವರ್ಷ 'ಟಣ್' ಎಂಬ ಸದ್ದು ಕಮ್ಮಿಯಾಯಿತು. ಚಿಕ್ಕಮ್ಮನ ಗುಂಡುಗಳೆಲ್ಲ ಎತ್ತಲೋ ಹೋಗತೊಡಗಿದವು. "ಸೀಸ ಕಲಬೆರಕೆ" ಎಂದರು ಚಿಕ್ಕಪ್ಪ. ಅಚ್ಚು ಬದಲಾಯಿತು. ಗುಂಡಿನ ಮೂತಿ ಚೂಪಾಯಿತು, ಬುಡಕ್ಕೆ ಗುಳಿ ಬಂತು. ಏನು ಮಾಡಿದರೂ ತಪ್ಪುತ್ತಲೇ ಇತ್ತು. ಕಾಫಿ ಡಬ್ಬಿಯ ಮುಚ್ಚಳ ಹೋಗಿ ರೊಟ್ಟಿ ಹೆಂಚು ಬಂತು, ಅದೂ ಹೋಗಿ ಸ್ನಾನದ ಹಂಡೆಯ ಮುಚ್ಚಳ!

"ಗಿಣಿಗಳಿಗೆ ಕಿವಿ ಮಂದ ಆಗೈತೆ. ಸದ್ದು ದೊಡ್ಡದಾಗ್ಬೇಕು" ಎಂದರು ಚಿಕ್ಕಪ್ಪ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗಿಣಿಗಳು ಆ ಮುಚ್ಚಳದ ಮೇಲೆಯೇ ಕೂತು ದ್ರಾಕ್ಷಿ ತಿಂದವು.

ಚಿಕ್ಕಪ್ಪನ ಎರಕವೇ ಸರಿಯಿಲ್ಲವೆಂದು ರುಜುವಾತು ಮಾಡಿಬಿಡೋಣ ಎಂಬ ಬುದ್ಧಿವಂತಿಕೆ ನನಗೆ ಬಂತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಚಿಕ್ಕಪ್ಪ ಒಲೆಗೆ ಸೌದೆ ಇಡುತ್ತಿದ್ದಾಗ, ಬಂದೂಕು ಅಲುಗಾಡದಂತೆ ಎರಡು ರಾಗಿ ಮೂಟೆಗಳ ನಡುವೆ ಬಿಗಿದು, ಗೋಡೆಗೆ ಕಾಗದ ಅಂಟಿಸಿ ಐದು ಗುಂಡು ಹೊಡೆದೆ. ಹೋಗಿ ನೋಡಿದರೆ ಐದೂ ಗುಂಡಿಗೆ ಒಂದೇ ತೂತು!

"ಚಿಕ್ಕಪ್ಪಾ, ಇಲ್ನೋಡಿ! ನಿಮ್ಮ ಗುಂಡಲ್ಲಿ ಏನೇನೂ ತಪ್ಪಿಲ್ಲ! ಹಂಗಾದ್ರೆ ತಪ್ತಿರೋದು..."

ಅವರು ಓಡಿಬಂದು ಮಸಿ ಹತ್ತಿದ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಗೊತ್ತು ಕಣೋ, ಮೆತ್ತಗೆ ಮಾತಾಡು. ಕೈ ನಡುಗುತ್ತೆ ಅವಳಿಗೆ. ಡಾಕ್ಟ್ರಿಗೂ ತೋರ್ಸಾಯ್ತು. ಇನ್ನು ಜಾಸ್ತಿನೇ ಆಗೋದಂತೆ." ಒಲೆಗೆ ಇನ್ನೊಂದು ಸೌದೆ ನೂಕಿದರು. "ಕೈಯದ್ದು ತಪ್ಪು ಅಂದ್ಬಿಟ್ರೆ ನಾನೇನಪ್ಪಾ ಮಾಡ್ಲಿ? ಸೀಸದ್ದು ಅಂದ್ರೆ ಮತ್ತೆ ಕರಗಿಸ್ಬಹುದು."

ಅಷ್ಟೂ ತಿಂಗಳು ನಕ್ಕ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಚಿಕ್ಕಮ್ಮ ಹಿತ್ತಲ ಬಾಗಿಲಿಗೆ ಬಂದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ಅದು ತುಳುಕಿ ಸೆರಗಿನ ಮೇಲೆ ಚೆಲ್ಲುತ್ತಿತ್ತು.

"ಏನ್ರೀ, ಇವತ್ತಿನ ಗುಂಡಾದ್ರೂ ಸರಿಯಾಗೈತಾ?"

"ಎಲ್ಲಿ ಬಂತು! ಹಾಳಾದ್ದು ಮತ್ತೆ ಕೆಟ್ಟೋಯ್ತು ಕಣೇ. ನಾಳೆ ಬೇರೆ ಎರೀತೀನಿ."

"ನಿಮ್ಗೂ ವಯಸ್ಸಾಯ್ತು ಬಿಡಿ" ಎಂದು ಚಿಕ್ಕಮ್ಮ ಮರುಕದಿಂದ ಅವರನ್ನೇ ನೋಡಿದರು.

"ಹೂಂ ಕಣೇ, ಆಯ್ತು" ಎಂದರು ಚಿಕ್ಕಪ್ಪ.

ಒಂದೇ ತೂತಿನ ಆ ಕಾಗದವನ್ನು ನಾನು ಮುದುರಿ, ಸೀಸ ಕರಗುತ್ತಿದ್ದ ಒಲೆಗೆ ಹಾಕಿದೆ.