ಸಂಬಳಕ್ಕೊಂದು ಮೆಣಸಿನಕಾಯಿ ಟೆಂಡರು

ನಮ್ಮ ಸೋದರಮಾವನ ಎದುರು ಸಂಬಳದ ಮಾತು ಎತ್ತಬೇಡಿ. ಎತ್ತದಿದ್ದರೂ ಪ್ರಯೋಜನವಿಲ್ಲ, ಅವನೇ ಎತ್ತುತ್ತಾನೆ!

ರಾಣೆಬೆನ್ನೂರಿನ ಒಂದು ಮದುವೆಯ ಊಟದಲ್ಲಿ ಪಕ್ಕದ ಎಲೆಯವರು ಯಾವುದೋ ಕಾಲೇಜಿನ ಕಚೇರಿಯವರೆಂದು ತಿಳಿದದ್ದೇ ತಡ, ಮಾವ ಶುರುಮಾಡಿದ.

"ನಿಮಗ ಪಗಾರ ಎಷ್ಟರಿ?"

"ಹೋಳಿಗಿ ಉಣ್ಣಾಕ ಬಿಡ್ರಿ ಸರ."

"ಉಣ್ರಿ, ಯಾರು ಬ್ಯಾಡ ಅಂದ್ರು? ಉಣಕೋಂತ ಹೇಳ್ರಿ!"

ಆ ಮನುಷ್ಯ ಮಜ್ಜಿಗೆಗೂ ಕಾಯದೆ ಎದ್ದ. (ಈ ಮಜ್ಜಿಗೆಯನ್ನು ಕತೆಗೆ ನಾನೇ ಸೇರಿಸಿ ಬಡಿಸಿದ್ದಿರಬಹುದು. ನೆನಪು ಇಷ್ಟು ಒಪ್ಪವಾಗಿ ಬಂದರೆ ನನಗೆ ಅನುಮಾನ.)

ಮಾವನಿಗೆ ಹಾವೇರಿಯಲ್ಲಿ ಮನೆ, ಕೆಲಸ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವುದು. ಅತ್ತೆಯೂ ಅಲ್ಲೇ, ಅದೇ ಪಾಠಗಳನ್ನೇ ಕಲಿಸುತ್ತಿದ್ದಳು. ಅವನಿಗೆ ತಿಂಗಳ ಸಂಬಳ. ಅವಳು ಅತಿಥಿ ಉಪನ್ಯಾಸಕಿ, ತಾಸಿನ ಲೆಕ್ಕದ ಗೌರವಧನ, ರಜೆಯಲ್ಲಿ ಅದೂ ಇಲ್ಲ. ಹೀಗೆ ವರ್ಷಗಟ್ಟಲೆ ಉಳಿದ ಅತಿಥಿಯನ್ನು ಯಾವ ಮನೆಯಲ್ಲೂ ನಾನು ಕಂಡಿಲ್ಲ!

"ಈ ಸಲಾನೂ ಪಗಾರ ಏರಲಿಲ್ಲಂದ್ರ ನಾ ಬ್ಯಾಡಗಿ ಕೋಲ್ಡ್ ಸ್ಟೋರೇಜಿಗೆ ಲೆಕ್ಕ ಬರಿಯಾಕ ಹೋಗಾಕಿ ನೋಡ್ರಿ," ಎಂದಳು ಅತ್ತೆ.

ಅದೇ ಹೊತ್ತಿಗೆ, ಅಧ್ಯಾಪಕರ ಮತ್ತು ಆಡಳಿತದವರ ಸಂಬಳ ನ್ಯಾಯವಾಗಿದೆಯೇ ಎಂದು ನೋಡುವ ಸಮಿತಿಗೆ ಮಾವನೇ ಮುಖ್ಯಸ್ಥನಾದ. ಬೇರೆಯವರಾಗಿದ್ದರೆ ಕಂಪ್ಯೂಟರು ತೆರೆಯುತ್ತಿದ್ದರು. ಇವನು ಸದಸ್ಯರನ್ನೆಲ್ಲ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕರೆದೊಯ್ದ!

"ನೋಡ್ರಿ, ರಾಶಿ ಮ್ಯಾಲ ಲಾಟ್ ನಂಬರ್ ಅಷ್ಟ. ಯಾರ ಹೊಲದ್ದು, ಯಾರ ಬೀಗರದ್ದು ಕೇಳಾಂಗಿಲ್ಲ. ಬಣ್ಣ ನೋಡು, ಮುರಿ, ಮೂಸು, ದರ ಬರಿ!"

ಗುಮಾಸ್ತನಿಂದ ಪ್ರತಿಯೊಬ್ಬರ ಕೆಲಸವನ್ನು ಒಂದೊಂದು ಹಾಳೆಯಲ್ಲಿ ಬರೆಸಿದ. ಹೆಸರಿಲ್ಲ, ಹುದ್ದೆಯಿಲ್ಲ, ಲಾಟ್ ನಂಬರು ಮಾತ್ರ. ಸದಸ್ಯರು ಅದನ್ನೋದಿ, ಮಾರುಕಟ್ಟೆಯ ಟೆಂಡರಿನಂತೆ, ನ್ಯಾಯವಾದ ಸಂಬಳವನ್ನು ಚೀಟಿಯಲ್ಲಿ ಬರೆಯಬೇಕು.

"ಇದನ್ನೂ ಮೂಸಬೇಕೇನ್ರಿ?" ಎಂದು ನಕ್ಕ ಆಡಳಿತಾಧಿಕಾರಿಯೊಬ್ಬರು ಒಂದು ಲಾಟಿಗೆ ಎಲ್ಲರಿಗಿಂತ ಕಡಿಮೆ ದರ ಹಾಕಿದರು. "ಏನ್ರಿ ಇದು, ಬರೇ ಸಹಿ ಮಾಡೂದು! ಘಾಟ ಇಲ್ಲ." ಹೆಸರು ತೆರೆದಾಗ ಅದು ಅವರದೇ ಲಾಟು!

ನಗು ನಿಲ್ಲುವ ಮೊದಲೇ ಮಾವನ ಚೀಟಿ ಬಂತು. ಸಂಖ್ಯಾಶಾಸ್ತ್ರದ ಎರಡು ಲಾಟುಗಳು ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಮಾವ ಸಮಿತಿಯಲ್ಲೇ ಅತಿ ಹೆಚ್ಚು ದರ ಬರೆದಿದ್ದ, ಇನ್ನೊಂದಕ್ಕೆ ಸಾಧಾರಣ. ಹೆಚ್ಚಿನದು ಅವನದು, ಸಾಧಾರಣದ್ದು ಅತ್ತೆಯದು.

"ಸರ, ನಿಮ್ಮ ಪಗಾರ ನೀವ ಏರಿಸಿಕೊಂಡ್ರಿ!" ಎಂದರು ಆ ಆಡಳಿತಾಧಿಕಾರಿ.

ಮಾವನ ಮುಖ ಕೆಂಪಾಯಿತು. "ಏರಿಸಿದ್ದು ಆಕಿದು ಅಂತ ತಿಳಿದು. ಕದ್ದು ಗುರುತು ಹಿಡಿಯಾಕ ಹೋದ್ನಿ, ತಪ್ಪಿತು. ಗಂಡಗ ಫರಕ್ ಗೊತ್ತಾಗ್ಲಿಲ್ಲ ಅಂದಮ್ಯಾಲ, ಪಗಾರದಾಗ ಫರಕ್ ಯಾಕ ಇರಬೇಕ್ರಿ?"

ಮಾವ ತನ್ನ ಕಳ್ಳತನವನ್ನೂ ಸೇರಿಸಿಯೇ ವರದಿ ಬರೆದ. ವರದಿ ಮೇಲಕ್ಕೆ ಹೋಯಿತು. ಇನ್ನೂ ಪರಿಶೀಲನೆಯಲ್ಲಿದೆ.

ಅತ್ತೆ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಕೆಲಸಕ್ಕೆ ಹೋದಳು. ಸಂಜೆ ಬಸ್ಸಿಳಿದು ಅವಳು ಒಳಗೆ ಬಂದರೆ ಸೀರೆಯ ಘಾಟಿಗೆ ಮಾವನಿಗೆ ಸೀನು. "ಇವ್ರು ಸೀನಿದ್ರ ಸಾಕು, ನಾ ಬಂದೀನಿ ಅಂತ ಓಣಿಗೆಲ್ಲ ಗೊತ್ತು," ಎನ್ನುತ್ತಾಳೆ.

ಮೊನ್ನೆ ಮತ್ತೊಂದು ಮದುವೆ. ಎದುರು ಸಾಲಿನಿಂದ ಯಾರೋ ಅತ್ತೆಯನ್ನು ಕೇಳಿದರು: "ಕಾಲೇಜ್ ಬಿಟ್ರಂತಲ್ರಿ? ಅಲ್ಲಿ ಪಗಾರ ಎಷ್ಟ ಕೊಡ್ತಾರ?"

ನಾವೆಲ್ಲ ಮಾವನ ಕಡೆ ತಿರುಗಿದೆವು. ಈಗ ಶುರು!

"ಆಕಿನ್ನ ಉಣ್ಣಾಕ ಬಿಡ್ರಿ," ಎಂದ ಮಾವ, ಮೆಲ್ಲಗೆ. ತನ್ನ ಎಲೆಯ ಹೋಳಿಗೆಯನ್ನೆತ್ತಿ ಅವಳ ಎಲೆಗೆ ಹಾಕಿದ.

ಇದನ್ನು ನಾನು ಸೇರಿಸಿದ್ದಲ್ಲ. ಇಬ್ಬರ ನಡುವೆ ಕುಳಿತಿದ್ದವನು ನಾನು. ಹೋಳಿಗೆ ನನ್ನನ್ನು ದಾಟುವಾಗ ಬಿದ್ದ ತುಪ್ಪದ ಕಲೆ ನನ್ನ ಅಂಗಿಯ ತೋಳಿನ ಮೇಲಿದೆ.